ಮೀಸೆ ಬರುವ ತನಕ

ನನ್ನ ಅಪ್ಪ ಅವ್ವ ಬೇರೆಯಾದಾಗ ನನಗೆ ಎಂಟು ವರ್ಷ. ನಮ್ಮವರು ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ಗೋವಾಕ್ಕೆ ದುಡಿಯಲು ಬಂದಿದ್ದ ನಮ್ಮ ಕಡೆಯ ಐದು ಮಂದಿ ಹಿರಿಯರು ಸಾಂಕೋಲೆಯಲ್ಲಿ ಅರ್ಧ ಕಟ್ಟಿದ ಒಂದು ಗೋದಾಮಿನ ನೆರಳಿಗೆ ಕುಳಿತು, ಎರಡು ಸಲ ಚಹಾ ಕುಡಿದು, ಒಂದು ಮಾತಿಗೆ ಬಂದರು: ಮಗ ಅವ್ವನ ಹತ್ತಿರ ಇರಲಿ, ಮಗನಿಗೆ ಮೀಸೆ ಬರುವ ತನಕ ಅಪ್ಪ ತಿಂಗಳು ತಿಂಗಳು ಖರ್ಚಿಗೆ ಕೊಡಲಿ. ಅಪ್ಪನ ಕೈಯಲ್ಲಿ ಎಲೆ-ಅಡಿಕೆ ಇಟ್ಟರು. ಅವನು ಅದನ್ನು ಹಣೆಗೆ ಮುಟ್ಟಿಸಿಕೊಂಡು ಕಿಸೆಗೆ ಹಾಕಿದ. ಎಲೆ-ಅಡಿಕೆ ಹಿಡಿದು ಕೊಟ್ಟ ಮಾತು ನಮ್ಮಲ್ಲಿ ಸ್ಟ್ಯಾಂಪ್ ಕಾಗದಕ್ಕಿಂತ ಗಟ್ಟಿ.

ಹಿರಿಯರನ್ನು ನಾನು ಬೈಯುವುದಿಲ್ಲ. ಅವರ ಲೆಕ್ಕ ಅವರ ಬಾಳಿನಿಂದ ಬಂದದ್ದು. ಐದೂ ಮಂದಿ ಮೇಲ್ದುಟಿ ಕಪ್ಪಗಾದ ವರ್ಷವೇ ಸಿಮೆಂಟಿನ ಬುಟ್ಟಿ ಹೊತ್ತವರು. ಮೀಸೆ ಬಂತೆಂದರೆ ಹುಡುಗ ದುಡಿಯುತ್ತಾನೆ, ದುಡಿದರೆ ಅಪ್ಪನ ರೊಕ್ಕ ಯಾಕೆ? ಮೀಸೆಯೂ ಇದ್ದು ಬೆನ್ನ ಮೇಲೆ ಪಾಟಿಚೀಲವೂ ಇರುವ ಪ್ರಾಣಿಯೊಂದು ಮುಂದೆ ನಮ್ಮ ಮಂದಿಯಲ್ಲಿ ಹುಟ್ಟೀತೆಂದು ಅವರ ಕನಸಿಗೂ ಬಂದಿರಲಿಲ್ಲ. ಆ ಪ್ರಾಣಿ ನಾನು.

ಇನ್ನೊಂದು ಸಂಗತಿಯನ್ನೂ ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಅಪ್ಪನ ಮೀಸೆ. ಮುರ್ಮುಗಾಂವ್ ಬಂದರಿನಲ್ಲಿ ಹಡಗಿನ ಸರಕು ಇಳಿಸುವವರಲ್ಲಿ ಅಪ್ಪನನ್ನು ಹೆಸರು ಹಿಡಿದು ಯಾರೂ ಹುಡುಕುತ್ತಿರಲಿಲ್ಲ, 'ಮೀಸಿಯಾಂವ' ಅಂದರೆ ಸಾಕಿತ್ತು. ಅಂಥ ಮೀಸೆಯ ಮಗನಿಗೆ ಹದಿನೈದಕ್ಕೇ ಮೂಗಿನ ಕೆಳಗೆ ಮಸಿ ಹಚ್ಚಿದ ಹಾಗಾಯಿತು. ಓರಗೆಯವರು ಕನ್ನಡಿ ಮುಂದೆ ನಿಂತು ಒಂದೊಂದು ಕೂದಲಿಗೂ ಹರಕೆ ಹೊರುತ್ತಿದ್ದರೆ ನಾನು ಬಂದದ್ದನ್ನು ಎಲ್ಲಿ ಬಚ್ಚಿಡಲಿ ಎಂದು ಒದ್ದಾಡುತ್ತಿದ್ದೆ.

ಯಾಕೆ ಬಚ್ಚಿಡಬೇಕಿತ್ತು ಎಂಬುದನ್ನು ಹೇಳಿಬಿಡುತ್ತೇನೆ. ಅವ್ವ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಪಗಾರ ಖೋಲಿಯ ಬಾಡಿಗೆಗೆ ಮತ್ತು ರೊಟ್ಟಿಗೆ ಸರಿಹೋಗುತ್ತಿತ್ತು. ನನ್ನ ಬಸ್ಸು, ಟ್ಯೂಷನ್, ಬೂಟು, ಮಧ್ಯಾಹ್ನದ ಊಟ ಎಲ್ಲ ಅಪ್ಪನ ರೊಕ್ಕದಲ್ಲಿ. ಹತ್ತನೇದು ಪಾಸಾಗಿ ವಾಸ್ಕೋದಲ್ಲಿ ಹನ್ನೊಂದನೇದಕ್ಕೆ ಸೇರಿದ್ದೆ. ಅಪ್ಪ ಕೊಡುವುದು ನಿಂತರೆ ನನ್ನ ಓದೂ ನಿಲ್ಲುತ್ತಿತ್ತು, ಅಷ್ಟೇ ಸರಳ. ಮುಂದಿನ ಜಾಗವೂ ತಯಾರಿತ್ತು. ನನ್ನ ಸೋದರಮಾವ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗಕ್ಕೆ ಹುಡುಗರನ್ನು ಹೊಂದಿಸಿಕೊಡುತ್ತಿದ್ದ. ಮನೆಗೆ ಬಂದಾಗಲೆಲ್ಲ ನನ್ನ ತೋಳು ಹಿಡಿದು ನೋಡುತ್ತಿದ್ದ, ಸಂತೆಯಲ್ಲಿ ಹೋರಿ ನೋಡಿದಂತೆ.

"ಅಕ್ಕಾ, ಇವನ್ನ ನನ್ನ ಕೈಯಾಗ ಕೊಡು. ಎರಡ ವರ್ಷದಾಗ ಸೂಪರ್‌ವೈಸರ್ ಮಾಡಿ ತೋರಸ್ತೇನಿ."

"ಮದ್ಲ ನೀ ಆಗಿ ತೋರ್ಸು," ಅನ್ನುತ್ತಿದ್ದಳು ಅವ್ವ.

ನಾನು ಮಾವ ಹೊರಟ ಮೇಲೆ ಅವನದೇ ದನಿಯಲ್ಲಿ, "ಅಕ್ಕಾ, ಇವನ್ನ ಕೊಡು" ಅನ್ನುತ್ತಿದ್ದೆ, ಮೂಗಿನಿಂದ. ಅವ್ವ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು.

ಇದು ನನ್ನ ಕಸುಬು. ಅಣಕ. ನಮ್ಮ ಖೋಲಿಗಳ ಸಾಲಿನಲ್ಲಿ ನನ್ನ ಬಾಯಿಗೆ ಸಿಗದವರು ಯಾರೂ ಇರಲಿಲ್ಲ. "ವಾಸ್ಕೋ ವಾಸ್ಕೋ ವಾಸ್ಕೋ, ಫುಡೆಂ ವಚ್ ರೇ!" ಎಂದು ಜನರನ್ನು ಒಳಗೆ ತುರುಕುವ ಕಂಡಕ್ಟರು, ಪ್ರತಿ ವಾಕ್ಯವನ್ನೂ ಸೀನಿನಿಂದ ಮುಗಿಸುವ ಗಣಿತದ ಸರ್, ನೀರಿನ ನಲ್ಲಿಯ ಹತ್ತಿರ ಜಗಳ ಶುರು ಮಾಡಿ ತಾನೇ ರಾಜಿ ಮಾಡಿಸುವ ಪಕ್ಕದ ಖೋಲಿಯ ಮೌಶಿ, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದರು. ನನ್ನನ್ನೂ ನಾನು ಬಿಡುತ್ತಿರಲಿಲ್ಲ. ಇಂಗ್ಲಿಷ್ ಮೇಡಂ ಪ್ರಶ್ನೆ ಕೇಳಿದಾಗ ನಾನು ಎದ್ದು ನಿಂತು ಉಗುಳು ನುಂಗುವ ಸದ್ದನ್ನು ನನಗಿಂತ ಚಲೋ ಮಾಡುವವರು ಇಲ್ಲ.

ಒಬ್ಬನ ಅಣಕ ಮಾತ್ರ ಬರುತ್ತಿರಲಿಲ್ಲ. ಅಪ್ಪನದು. ಅಪ್ಪ ನನಗೆ ತಿಂಗಳಿಗೆ ಒಮ್ಮೆ, ಮೊದಲ ಭಾನುವಾರ ಬೆಳಿಗ್ಗೆ, ವಾಸ್ಕೋ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಸಿಗುತ್ತಿದ್ದ. ಎರಡು ಚಹಾ, ಎರಡು ಭಜಿ-ಪಾವ್. ಮಾತು ಮೂರೇ ಮೂರು. ಕುಳಿತ ಕೂಡಲೇ "ನಾಷ್ಟಾ ಆತೇನು?" ಅರ್ಧ ಪಾವ್ ಮುಗಿದಾಗ "ಅವ್ವ ಹೆಂಗ ಅದಾಳ?" ಲಕೋಟೆ ನನ್ನ ಕಡೆ ಸರಿಸಿ, "ಬರ್ತೇನಿ." ನಡುವೆ ಏನಿದ್ದರೂ ಭಜಿ ಜಗಿಯುವ ಸದ್ದು. ಮೂರು ಸಾಲಿನಲ್ಲಿ ಯಾವ ಅಣಕಗಾರ ತಾನೇ ಆಟ ಕಟ್ಟುತ್ತಾನೆ?

ಈ ಮೂರು ಸಾಲಿಗೋಸ್ಕರ ನಾನು ಪ್ರತಿ ಶನಿವಾರ ಸಂಜೆ ಕ್ಷೌರದಂಗಡಿಗೆ ಹೋಗಿ ಮೀಸೆ ತೆಗೆಸುತ್ತಿದ್ದೆ. ಅಂಗಡಿಯವರು ವಿಜಯಪುರ ಕಡೆಯ ಚಾಚಾ. ಮೊದಲ ದಿನವೇ ಗುಟ್ಟು ಹೇಳಿಕೊಂಡಿದ್ದೆ. ಅವರು ಬ್ಲೇಡು ಹಿಡಿದು ನಕ್ಕಿದ್ದರು.

"ಬೇಟಾ, ಕೆರದಷ್ಟೂ ದಪ್ಪ ಬರ್ತೈತಿ ನೋಡು. ಇದು ನಿಮ್ಮಪ್ಪನ ಹೊಲ. ನಾ ಬರೇ ಕಳೆ ಕೀಳಾಂವ."

"ಎಲ್ಲಿತನಕ ಕೀಳ್ತೀರಿ ಚಾಚಾ?"

"ನೀ ಸಾಹೇಬ ಆಗುತನಕ. ಆಮ್ಯಾಲ ಎಲ್ಲಾ ಸೇರ್ಸಿ ಬಿಲ್ ಕೊಡ್ತೇನಿ."

ಅವ್ವನಿಗೆ, ಕಾಲೇಜಿನಲ್ಲಿ ಮೀಸೆ ಬಿಡುವ ಹಾಗಿಲ್ಲ, ಕಟ್ಟುನಿಟ್ಟು, ಎಂದು ಹೇಳಿದ್ದೆ. ನಮ್ಮ ಪ್ರಾಂಶುಪಾಲರಿಗೇ ಎರಡು ಮುಷ್ಟಿ ಮೀಸೆ ಇದ್ದದ್ದು ಅವಳಿಗೆ ಗೊತ್ತಿರಲಿಲ್ಲ.

ಹೀಗೆ ಎರಡು ವರ್ಷದ ಮೇಲೆ ನಡೆಯಿತು. ಹನ್ನೆರಡನೇದಕ್ಕೆ ಕಾಲಿಟ್ಟ ಜೂನ್ ತಿಂಗಳಲ್ಲಿ ಅವ್ವ ಒಂದು ದಿನದ ಪಗಾರ ಬಿಟ್ಟು ನನ್ನನ್ನು ಕಾರ್ಮಿಕರ ಕಚೇರಿಗೆ ಕರೆದುಕೊಂಡು ಹೋದಳು. ಕಟ್ಟಡ ಕೆಲಸದವರ ಕಾರ್ಡು ಇದ್ದವರ ಮಕ್ಕಳು ಓದುತ್ತಿದ್ದರೆ ವರ್ಷಕ್ಕೊಮ್ಮೆ ನೆರವು ಸಿಗುತ್ತದೆಂದು ಅವಳಿಗೆ ಯಾರೋ ಹೇಳಿದ್ದರು. ಸಿಕ್ಕರೆ ಫೀಸಿಗೂ ಪುಸ್ತಕಕ್ಕೂ ಆಗುತ್ತಿತ್ತು. ತಿಂಗಳ ಖರ್ಚಿಗೆ ಅಪ್ಪ ಬೇಕೇ ಬೇಕು. ಕೌಂಟರಿನ ಮೇಡಂ ಕಾರ್ಡು ನೋಡಿದರು.

"ಬಚ್ಚಾ ಪಢ್ ರಹಾ ಹೈ?"

"ಹೌದ್ರಿ, ಬಾರಾವೀ," ಅಂದಳು ಅವ್ವ, ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ.

"ಬೋನಾಫೈಡ್ ಲಾವೊ. ಹರ್ ಸಾಲ್ ಲಾನಾ ಪಡೇಗಾ."

ಬೋನಾಫೈಡ್ ಅಂದರೆ, ಈ ಹುಡುಗ ನಮ್ಮಲ್ಲೇ ಓದುತ್ತಿದ್ದಾನೆ ಎಂದು ಕಾಲೇಜು ಬರೆದುಕೊಡುವ ಚೀಟಿ; ಅದನ್ನು ವರ್ಷ ವರ್ಷವೂ ತರಬೇಕಂತೆ. ಮರುವಾರ ತಂದುಕೊಟ್ಟೆ. ಅವರು ಅದರ ಮೇಲೆ ಒತ್ತಿದ ಸಿಕ್ಕಾ ನೋಡಿದರು, ಸಹಿ ನೋಡಿದರು, ವರ್ಷ ನೋಡಿದರು. ನನ್ನ ಮುಖದ ಕಡೆ ತಲೆ ಎತ್ತಲೇ ಇಲ್ಲ. ನಾನು ಅವತ್ತು ಬೆಳಿಗ್ಗೆಯಷ್ಟೇ ಬ್ಲೇಡು ತಾಗಿಸಿಕೊಂಡು ಮೇಲ್ದುಟಿಗೆ ಕಾಗದದ ಚೂರು ಅಂಟಿಸಿಕೊಂಡಿದ್ದೆ. ಸುಮ್ಮನೆ ರಕ್ತ ಹೋಯಿತಲ್ಲ ಅನ್ನಿಸಿತು.

ಸಿಕ್ಕಿಬಿದ್ದದ್ದು ಪೂರಾ ನನ್ನ ಸೊಕ್ಕಿನಿಂದ. ಅದಕ್ಕೂ ಹಿಂದಿನ ಮೇ ತಿಂಗಳಲ್ಲಿ ಅಪ್ಪ ಊರಿಗೆ ಹೋಗಿದ್ದ. ಎರಡು ತಿಂಗಳದ್ದು ಒಟ್ಟಿಗೇ ಕೊಟ್ಟು, ಇನ್ನು ಜುಲೈಗೇ ಸಿಗುವುದು ಅಂದಿದ್ದ. ಹೊಲಕ್ಕೆ ಕಾವಲಿಲ್ಲ ಎಂದು ನಾನು ಬೆಳೆ ಬಿಟ್ಟೆ. ಮೂರು ವಾರಕ್ಕೆ ಎಂಥ ಮೀಸೆ ಅಂತೀರಿ! ಕ್ಷೌರದ ಚಾಚಾ ಕತ್ತರಿಯಿಂದ ಎರಡು ತುದಿ ಸರಿಮಾಡಿ, "ಮಾಶಾಅಲ್ಲಾ" ಅಂದರು. ಅಷ್ಟು ಚಂದದ ವಸ್ತು ದಾಖಲೆಯಿಲ್ಲದೆ ಹೋಗಬಾರದೆಂದು ಸ್ಟುಡಿಯೋಕ್ಕೆ ಹೋಗಿ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಸಿದೆ. ಹದಿನಾರು ಪ್ರತಿ. ಹೇಗೂ ಪರೀಕ್ಷೆಯ ಅರ್ಜಿಗೆ ಬೇಕಾಗುತ್ತದೆ. ಜೂನ್‌ನಲ್ಲಿ ಕಾಲೇಜು ಶುರುವಾಗುವ ಮೊದಲು, ಅವ್ವನಿಗೆ ಹೇಳಿದ ಸುಳ್ಳಿಗೆ ತಕ್ಕಂತೆ, ಬೋಳಿಸಿಕೊಂಡೆ.

ಜುಲೈ ಮೊದಲ ಭಾನುವಾರ ಚಹಾದಂಗಡಿಯಲ್ಲಿ ಅಪ್ಪನಿಗೆ ಹನ್ನೊಂದನೇದರ ಅಂಕಪಟ್ಟಿ ತೋರಿಸಬೇಕೆನ್ನಿಸಿತು. ಅವನು ಕೇಳಿರಲಿಲ್ಲ. ನಾನೇ ಹೆಮ್ಮೆಯಿಂದ ಪ್ಲಾಸ್ಟಿಕ್ ಕವರಿನಿಂದ ಎಳೆದೆ. ಅದರ ಬೆನ್ನಿಗೆ ಅಂಟಿಕೊಂಡಿದ್ದ ಫೋಟೋವೊಂದು ಭಜಿಯ ತಾಟಿನ ಪಕ್ಕ ಬಿತ್ತು, ಮುಖ ಮೇಲಾಗಿ.

ಅಪ್ಪ ಫೋಟೋ ನೋಡಿದ. ನನ್ನ ನುಣ್ಣನೆಯ ಮುಖ ನೋಡಿದ. ಮತ್ತೆ ಫೋಟೋ ನೋಡಿದ.

"ಯಾರಿಂವ?"

ಬೇರೆಯವರಾದರೆ ಕಾಲು ಹಿಡಿಯುತ್ತಿದ್ದರು. ನನ್ನ ನಾಲಿಗೆಗೆ ಆ ಬುದ್ಧಿ ಇಲ್ಲ.

"ನಮ್ಮ ಕಾಕಾ ಇರಬೇಕ ನೋಡಪ್ಪಾ. ನಿನ್ನಂಗ ಅದಾನಲ್ಲ."

"ನನಗ ತಮ್ಮಂದಿರಿಲ್ಲ," ಅಂದ ಅಪ್ಪ. ಫೋಟೋವನ್ನು ಅಂಗಿಯ ಕಿಸೆಗೆ ಹಾಕಿಕೊಂಡ. ಚಹಾ ಪೂರ್ತಿ ಕುಡಿದ. ಆ ತಿಂಗಳ ಲಕೋಟೆಯನ್ನು ನನ್ನ ಕಡೆ ಸರಿಸಿದ, ಆದರೆ "ಬರ್ತೇನಿ" ಅನ್ನಲಿಲ್ಲ.

ಮೂರು ದಿನಕ್ಕೆ ಸುದ್ದಿ ಬಂತು. ಈ ಭಾನುವಾರ ಬಿಟ್ಟು ಆಚೆ ಭಾನುವಾರ, ಫೋಂಡಾದಲ್ಲಿ ದೊಡ್ಡ ಮೇಸ್ತ್ರಿಯ ಮನೆಯಲ್ಲಿ ಹಿರಿಯರು ಕೂಡುತ್ತಾರೆ. ದೊಡ್ಡ ಮೇಸ್ತ್ರಿ ಅಂದರೆ ಅಂದು ಎಲೆ-ಅಡಿಕೆ ಕೊಡಿಸಿದ ಹಿರಿಯಜ್ಜ. ನಾನು ಅವ್ವನ ಮುಂದೆ ಎಲ್ಲ ಒಪ್ಪಿಕೊಂಡೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಳು. ಆದರೆ ನಾನು ಎಣಿಸಿದ ಕಡೆಯಿಂದಲ್ಲ.

"ಯಾರ ಹೇಳಿದ್ರು ನಿನಗ ಕೆರ್ಕೊ ಅಂತ? ಓದಾಂವ ಮುಖ ಮುಚ್ಕೊಂಡು ಓದ್ತಾನೇನು? ಅಲ್ಲಿ ನಿನ್ನ ಸಾಲಿ ಬಗ್ಗೆ ಕೇಳಿದ್ರ ನಾ ಎದಿ ಸೆಟಿಸಿ ಹೇಳ್ತಿದ್ದೆ. ಈಗ ಕಳ್ಳನ ಅವ್ವ ಆಗಿ ಹೋಗಬೇಕು."

"ಹಂಗಾರ ಏನ ಮಾಡ್ಲಿ?"

"ಬಿಡು ಮೀಸಿ. ಇನ್ನ ಹತ್ತು ದಿನ ಐತಿ. ಎಷ್ಟ ಬರ್ತೈತಿ ಅಷ್ಟ ತಗೊಂಡ ಬಾ."

ಮಾವ ಆ ವಾರವೇ ಕಾರ್ಖಾನೆಯ ಅರ್ಜಿ ತಂದು ನಮ್ಮ ಕಿಟಕಿಗೆ ಸಿಕ್ಕಿಸಿ ಹೋದ. ನನ್ನ ಹೆಸರನ್ನೂ ಬರೆದಿದ್ದ.

ಭಾನುವಾರ ಅವ್ವನೂ ನಾನೂ ಫೋಂಡಾ ಬಸ್ಸು ಹತ್ತಿದೆವು. ಕಿಸೆಯಲ್ಲಿ ಹೊಸದಾಗಿ ಬರೆಸಿದ ಬೋನಾಫೈಡ್, ಮುಖದ ಮೇಲೆ ಎರಡು ವಾರದ ಮೀಸೆ. ಐವರಲ್ಲಿ ಉಳಿದ ಹಿರಿಯರು ಮೂವರು: ಒಬ್ಬರು ತೀರಿಕೊಂಡಿದ್ದರು, ಒಬ್ಬರು ಊರಿಗೆ ಮರಳಿದ್ದರು. ದೊಡ್ಡ ಮೇಸ್ತ್ರಿ ಕುರ್ಚಿಯಲ್ಲಿ, ಇನ್ನಿಬ್ಬರು ಚಾಪೆಯ ಮೇಲೆ. ಅಪ್ಪ ಆಗಲೇ ಬಂದು ಗೋಡೆಗೆ ಒರಗಿ ಕುಳಿತಿದ್ದ. ನಾವು ಒಳಗೆ ಕಾಲಿಟ್ಟದ್ದೇ ಚಾಪೆಯ ಮೇಲಿನ ಒಬ್ಬ ಹಿರಿಯರು ನಕ್ಕುಬಿಟ್ಟರು.

"ಇದರಾಗ ಪಂಚಾಯ್ತಿ ಏನೈತ್ರಿ? ಅಪ್ಪನ ಮೀಸಿ ಮಗನ ಮುಖದ ಮ್ಯಾಲ ಕುಂತೈತಿ. ಮಾತು ಮುಗೀತು."

ದೊಡ್ಡ ಮೇಸ್ತ್ರಿ ಕೈ ಎತ್ತಿದರು. ಅವರು ಮಾತಾಡುವ ಮೊದಲು ಮೊಣಕಾಲು ಎರಡು ಸಲ ತಟ್ಟಿಕೊಳ್ಳುತ್ತಾರೆ. ತಟ್ಟಿಕೊಂಡರು.

"ಏನ ಹುಡುಗಾ, ಗಣಪತಿ ಹಬ್ಬದಾಗ ನಿಮ್ಮ ಖೋಲಿ ಸಾಲಿನ್ಯಾಗ ನನ್ನಂಗ ಮಾತಾಡಿ ಮಂದೀನ ನಗಸ್ತೀಯಂತಲ್ಲ?"

ಅವ್ವ ನನ್ನನ್ನು ತಿವಿದಳು. ಸುಳ್ಳು ಹೇಳಲು ಹೊತ್ತು ಮೀರಿತ್ತು.

"ಹೌದ್ರಿ ಅಜ್ಜಾರ. ಎಲ್ಲಾರಂಗೂ ಮಾತಾಡ್ತೇನ್ರಿ. ನಿಮ್ಮಂಗ ಸ್ವಲ್ಪ ಜಾಸ್ತಿ."

"ಹಂಗಾರ ಈಗ ಮಾಡು. ಈ ಪಂಚಾಯ್ತ್ಯಾಗ ನಾ ಏನ ಹೇಳ್ತೇನಿ, ಅದನ್ನ ಹೇಳು. ನೋಡೂಣು, ನಾ ನಿನ್ನ ಬಾಯಾಗ ಹೆಂಗ ಕೇಳಸ್ತೇನಿ."

ಅವರು ನನ್ನನ್ನು ನಾಚಿಸಲು ಹೇಳಿದ್ದಿರಬಹುದು. ಆದರೆ ಅಣಕಗಾರನಿಗೆ ಆಡು ಅಂದರೆ ಮುಗಿಯಿತು. ನಾನು ನೆಲಕ್ಕೆ ಕುಳಿತೆ, ಮೊಣಕಾಲು ಎರಡು ಸಲ ತಟ್ಟಿದೆ, ಗಂಟಲನ್ನು ಎಪ್ಪತ್ತು ವರ್ಷದ್ದಾಗಿ ಮಾಡಿಕೊಂಡೆ.

"ಕೇಳ್ರಪಾ, ಎಲಿ-ಅಡಕಿ ಹಿಡಿದ ಮಾತು ಮುರೀಬಾರ್ದು. ಖರೇ ಐತಿ. ಆದ್ರ ಮೇಸ್ತ್ರಿ ಆದಾಂವಗ ಒಂದು ಗೊತ್ತಿರಬೇಕು: ಅಳತಿಪಟ್ಟಿ ತಪ್ಪಿದ್ರ ಗ್ವಾಡಿನ ಬೈಯಬಾರ್ದು. ಅವಾಗ ನಾವು ಮೀಸಿ ಯಾಕ ಹಿಡದ್ವಿ? ಮೀಸಿ ಬಂದಾಂವ ದುಡೀತಾನ ಅಂತ. ಈ ಹುಡುಗ ಮೀಸಿ ಬಂದ್ರೂ ದುಡಿಯಾಕತ್ತಿಲ್ಲ, ಓದಾಕತ್ತಾನ. ಕಚೇರಿಯವ್ರು ಇವನ ಅವ್ವನ ಕಾರ್ಡಿನ ಮ್ಯಾಲ ವರ್ಷಾ ರೊಕ್ಕ ಕೊಡ್ತಾರ, ಮೀಸಿ ನೋಡಂಗಿಲ್ಲ, ಕಾಲೇಜಿನ ಕಾಗದ ನೋಡ್ತಾರ. ನಾವೂ ಕಾಗದ ನೋಡೂಣು. ಮೀಸಿ ಹಿಡಿದು ಅಳತಿ ಹಾಕಿದ್ದು ನಂದ ತಪ್ಪಾತು."

ಆಮೇಲೆ ಚಾಪೆಯ ಮೇಲಿನ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಗಿಲ ಹಿಂದಿನಿಂದ ಆ ಮನೆಯ ಅಜ್ಜಿಯೂ ನಕ್ಕದ್ದು ಕೇಳಿಸಿತು. ದೊಡ್ಡ ಮೇಸ್ತ್ರಿ ನಗಲಿಲ್ಲ. ಮೊಣಕಾಲು ತಟ್ಟಿಕೊಳ್ಳಲು ಎತ್ತಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ, ತೊಡೆಯ ಮೇಲೆ ಇಟ್ಟುಕೊಂಡರು.

"ತಪ್ಪಾತು ಅಂತ ನಾ ಎಂದೂ ಅನ್ನಂಗಿಲ್ಲ," ಅಂದರು. "ಅದೊಂದು ಬಿಡು. ಉಳಿದದ್ದು ಬರೋಬ್ಬರಿ ಐತಿ."

ಅಪ್ಪ ಮಾತ್ರ ನೆಲ ನೋಡುತ್ತಿದ್ದ. ಅದನ್ನು ಕಂಡ ಒಬ್ಬ ಹಿರಿಯರು ಗಾಳಿ ಹಗುರ ಮಾಡಲು, "ಲೇ, ನಿಮ್ಮಪ್ಪನಂಗ ಒಮ್ಮೆ ಮಾಡಿ ತೋರ್ಸಲೇ" ಅಂದರು.

ನಾನು ಬಾಯಿ ತೆರೆದೆ. "ನಾಷ್ಟಾ ಆತೇನು?" ಅಂದೆ. "ಅವ್ವ ಹೆಂಗ ಅದಾಳ?" ಅಂದೆ. "ಬರ್ತೇನಿ" ಅಂದೆ. ಮುಂದೆ ಏನೂ ಇರಲಿಲ್ಲ.

"ಅಷ್ಟನ?"

"ಅಷ್ಟ ಬರ್ತೈತ್ರಿ. ಹೆಚ್ಚಿಗಿ ಕೇಳಿಲ್ಲ ನಾ."

ಇದನ್ನು ನಾನು ಯಾರನ್ನೂ ಚುಚ್ಚಲು ಹೇಳಿದ್ದಲ್ಲ. ಬಾರದ ಅಣಕದ ಬಗ್ಗೆ ಕೇಳಿದರು, ಬರುವುದಿಲ್ಲ ಅಂದೆ. ಆದರೆ ನಗುತ್ತಿದ್ದವರು ಅಪ್ಪನ ಕಡೆ ತಿರುಗಿದರು. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಅಪ್ಪ ನನ್ನ ಕಡೆ ಕೈ ಚಾಚಿದ.

"ಆ ಕಾಗದ ತಾ ಇಲ್ಲಿ."

ಕೊಟ್ಟೆ. ಅಪ್ಪನಿಗೆ ಇಂಗ್ಲಿಷ್ ಓದಲು ಬಾರದು. ಸಿಕ್ಕಾದ ಮೇಲೆ ಹೆಬ್ಬೆರಳು ಆಡಿಸಿ ನನಗೇ ಮರಳಿಸಿ, ಓದು ಅಂದ. ಒಂದೊಂದೇ ಸಾಲು ಕನ್ನಡ ಮಾಡಿ ಓದಿದೆ: ಈ ವಿದ್ಯಾರ್ಥಿ ನಮ್ಮಲ್ಲಿ ಹನ್ನೆರಡನೇ ತರಗತಿಯಲ್ಲಿ ಓದುತ್ತಿದ್ದಾನೆ, ಇವನ ನಡತೆ ಒಳ್ಳೆಯದು.

"ನಡತಿ ಒಳ್ಳೇದು ಅಂತ ಬರದಾರೇನು?" ಅಪ್ಪ ಕೇಳಿದ. ಕಿಸೆಯಿಂದ ಆ ಫೋಟೋ ತೆಗೆದು ಚಾಪೆಯ ಮೇಲಿಟ್ಟ. "ಇದನ್ನ ನೋಡಿಲ್ಲ ಅವ್ರು."

ಈ ಸಲ ಮೊದಲು ನಕ್ಕವಳು ಅವ್ವ, ಹಿಂದೆಯೇ ಅಪ್ಪ. ಎಷ್ಟೋ ವರ್ಷದ ಮೇಲೆ ಅವರಿಬ್ಬರೂ ಒಂದೇ ಮಾತಿಗೆ ನಕ್ಕದ್ದು ಅದು. ನಗು ಮುಗಿದ ಕೂಡಲೇ ಅವ್ವ ಕೆಲಸಕ್ಕೆ ಇಳಿದಳು.

"ಅಜ್ಜಾರ, ನಂದೊಂದು ಮಾತೈತ್ರಿ. ಹನ್ನೆರಡನೇದಕ್ಕ ನಿಲ್ಲಸಬ್ಯಾಡ್ರಿ. ಆಮ್ಯಾಲ ಎರಡು ವರ್ಷ ಡಿಪ್ಲೊಮಾ ಐತಿ. ಮತ್ತ ಮತ್ತ ಪಂಚಾಯ್ತಿಗೆ ಬರಾಕ ನನ್ನ ಪಗಾರ ಕಡಿತೈತಿ."

"ಗಡ್ಡಾ ಬೆಳ್ಳಗಾಗುತನಕ ಓದ್ತಾನೇನ ಇಂವ?" ಅಂದ ಅಪ್ಪ.

"ಓದ್ಲಿ ಬಿಡ್ರಿ. ನಿಮ್ಮ ಗಡ್ಡಾ ಬೆಳ್ಳಗಾಗೇತಿ, ಇನ್ನೂ ಚೀಲಾ ಹೊರಾಕತ್ತೀರಿ. ಓದಿದ್ರ ಹೊರೂದು ತಪ್ಪತೈತಿ."

ತೀರ್ಮಾನ ಹೀಗಾಯಿತು: ಪ್ರತಿ ಜೂನ್‌ನಲ್ಲಿ ಹುಡುಗ ಕಾಲೇಜಿನ ಕಾಗದ ತರಬೇಕು. ವರ್ಷ ವರ್ಷ ಕಾಗದ ಬರುತ್ತಿರುವ ತನಕ ಅಪ್ಪ ಕೊಡಬೇಕು. ನಪಾಸಾದರೆ ಅಂದಿಗೇ ಮುಗಿಯಿತು, ಮಾವನ ಪ್ಯಾಕಿಂಗೇ ಗತಿ. ದೊಡ್ಡ ಮೇಸ್ತ್ರಿ ಎಲೆ-ಅಡಿಕೆ ತರಿಸಿದರು. ಅಪ್ಪ ಕೈಯೊಡ್ಡುವ ಮೊದಲು ಒಂದು ಕರಾರು ಹಾಕಿದ.

"ಕಾಗದದ ಫೋಟೋ ಹೊಡದು ಫೋನಿಗೆ ಕಳಸೂದು ನಡಿಯಂಗಿಲ್ಲ. ಕೈಯಾರೆ ತಂದು ಕೊಡಬೇಕು. ತಂದು, ಕುಂತು, ಓದಿ ಹೇಳಬೇಕು."

ಊರೆಲ್ಲ ಫೋನಿನಲ್ಲೇ ರೊಕ್ಕ ಹಾಕುವ ಕಾಲದಲ್ಲಿ ನಮ್ಮಪ್ಪ ಹಾಕಿದ ಕರಾರು ಇದು. ನಾನು ಒಪ್ಪಿದೆ. ಮನೆಗೆ ಬಂದು ಕಿಟಕಿಯಲ್ಲಿ ಸಿಕ್ಕಿಸಿದ್ದ ಅರ್ಜಿಯನ್ನು ಅವ್ವ ಒಲೆಗೆ ಹಾಕಲಿಲ್ಲ. ಅದರ ಬೆನ್ನ ಮೇಲೆ ಕಿರಾಣಿ ಪಟ್ಟಿ ಬರೆಸಿದಳು.

ಅದಾಗಿ ಹನ್ನೆರಡನೇದು ಪಾಸಾದೆ, ಪಾಲಿಟೆಕ್ನಿಕ್ ಸೇರಿದೆ. ಈಗ ಕೊನೆಯ ವರ್ಷ. ಕ್ಷೌರದ ಚಾಚಾ ತಮ್ಮ ಬಿಲ್ಲಿನ ಮಾತನ್ನು ಮರೆತಿಲ್ಲ, ಮೀಸೆಗೆ ಕತ್ತರಿ ಆಡಿಸುವಾಗಲೆಲ್ಲ ನೆನಪಿಸುತ್ತಾರೆ. ಚಹಾದಂಗಡಿಯಲ್ಲಿ ಅಪ್ಪನ ಸಾಲುಗಳು ಮೂರರಿಂದ ಹನ್ನೊಂದಕ್ಕೆ ಏರಿವೆ. ಕಾಗದ ಓದಿ ಹೇಳುವಾಗ ಮಧ್ಯೆ ಮಧ್ಯೆ ಕೇಳುತ್ತಾನೆ: "ಈ ಸೆಮಿಸ್ಟರ್ ಅಂದ್ರ ಏನು? ಎರಡ ಸಲ ಯಾಕ ಪರೀಕ್ಷೆ ಇಡ್ತಾರ, ಒಮ್ಮೆ ನಂಬಿಕಿ ಬರಂಗಿಲ್ಲೇನು?" ಇಷ್ಟು ಸಾಮಾನು ಕೈಗೆ ಬಂದ ಮೇಲೆ ಬಿಡುವುದುಂಟೇ? ಹೋದ ಗಣಪತಿ ಹಬ್ಬದಲ್ಲಿ ಖೋಲಿಗಳ ಸಾಲಿನವರ ಮುಂದೆ ಮೊದಲ ಸಲ ಅಪ್ಪನ ಅಣಕ ಮಾಡಿದೆ. ಮಂದಿ ಬಿದ್ದು ಬಿದ್ದು ನಕ್ಕರು. ಅವ್ವ ನಗಲಿಲ್ಲ. ಪಾತ್ರೆ ತೊಳೆಯುವಾಗ, ಬೆನ್ನು ತಿರುಗಿಸಿಕೊಂಡೇ ಹೇಳಿದಳು:

"ಒಂದು ಬಿಟ್ಟಿ. ಕೈಯಿಂದ ರೊಕ್ಕ ಬಿಚ್ಚೂ ಮಾತಿದ್ರ, ಅದಕ್ಕೂ ಮದ್ಲ ಒಮ್ಮೆ ಕೆಮ್ಮತಾರ. ಮದುವಿ ಮುಂಚಿಂದೂ ಹಂಗ."

ನಾನು ಅದನ್ನು ಗಮನಿಸಿರಲೇ ಇಲ್ಲ. ನನ್ನಂಥ ಅಣಕಗಾರನಿಗೆ ಅದು ಅವಮಾನ. ಈ ತಿಂಗಳ ಮೊದಲ ಭಾನುವಾರ ಬೇಕೆಂದೇ ಕಿವಿ ತೆರೆದು ಕುಳಿತೆ. ಅಪ್ಪ ನಾಷ್ಟಾ ಕೇಳಿದ, ಅವ್ವನನ್ನು ಕೇಳಿದ, ಕೆಮ್ಮಲಿಲ್ಲ. ಲಕೋಟೆ ಸರಿಸಿದ, ಆಗಲೂ ಕೆಮ್ಮಲಿಲ್ಲ. ಅದು ಕೊಟ್ಟಾಗಿರುವ ಮಾತು, ಅದಕ್ಕೆ ಕೆಮ್ಮು ಬೇಡವೇನೋ. ಅವ್ವ ತಪ್ಪು ಹೇಳಿದಳು ಎಂದುಕೊಂಡು ಎದ್ದೆ. ಆಗ ಅಪ್ಪ ಗ್ಲಾಸು ಕೆಳಗಿಟ್ಟು ಒಮ್ಮೆ ಕೆಮ್ಮಿದ.

"ಈ ಡಿಪ್ಲೊಮಾ ಮುಗದ ಮ್ಯಾಲ," ಅಂದ, "ಮುಂದ ಇನ್ನೂ ಏನರ ಐತೇನು ಓದೂದು?"

"ಐತಪ್ಪಾ. ಡಿಗ್ರಿ. ಮತ್ತ ಮೂರು ವರ್ಷ."

ಅಪ್ಪ ಮೀಸೆ ತಿರುವಿದ. ಅದೀಗ ಪೂರಾ ಬೆಳ್ಳಗಾಗಿದೆ.

"ಹಂಗಾರ ಜೂನ್‌ದಾಗ ಕಾಗದ ತಾ."